ಮೊಣಕೈ ಕೆಳಗಿನ ಹಾಸು

50 ಮೀಟರ್ ರೈಫಲ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತ ಬರೀ 10.4 ಮಿಲಿಮೀಟರ್ ಅಗಲ. ಬೋರಲು ಮಲಗಿ ಅದಕ್ಕೆ ಗುರಿಯಿಡುವ ಬಲಗೈ ಶೂಟರ್‌ನ ಎಡ ಮೊಣಕೈ ಕೂದಲೆಳೆಯಷ್ಟು ಜಾರಿದರೂ ಅಂಕ ಕೈತಪ್ಪುತ್ತದೆ. ಆ ಮೊಣಕೈಯನ್ನು ಹಿಡಿದು ನಿಲ್ಲಿಸುವುದೇ ಒಳ್ಳೆಯ ಶೂಟಿಂಗ್ ಮ್ಯಾಟ್‌ನ ದೊಡ್ಡತನ.

ಅಂಗಡಿಯಲ್ಲಿ ದಪ್ಪಗೆ, ಮೆತ್ತಗೆ ಇರುವುದೇ ಕಣ್ಣು ಸೆಳೆಯುತ್ತದೆ. ಆದರೆ ಮೆತ್ತನೆಯ ಫೋಮ್ ಭಾರಕ್ಕೆ ನಿಧಾನವಾಗಿ ಕುಸಿಯುತ್ತಾ ಹೋಗುತ್ತದೆ. ಮೊಣಕೈ ಇಳಿದಂತೆ ನಳಿಗೆಯೂ ಇಳಿಯುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಬೇಕು: ನೆಲ ತಾಗಬಾರದು, ಬಿಟ್ಟೊಡನೆ ಗುಳಿ ಮಾಯವಾಗಬೇಕು. ನೀರು ಹೀರದ, ಒತ್ತಾದ ಫೋಮ್ ಆದರೆ ಒದ್ದೆ ನೆಲದಲ್ಲೂ ಚಿಂತೆಯಿಲ್ಲ. ಮೊಣಕೈ ಊರುವ ಕಡೆ ಒರಟು ರಬ್ಬರ್, ಅಡಿಯಲ್ಲಿ ಜಾರದ ಪದರ, ಮೇಲೆ ಗಟ್ಟಿ ಕ್ಯಾನ್ವಾಸ್ ಇದ್ದರೆ ಇನ್ನೇನು ಬೇಕು!

ಅಳತೆಯೂ ಮುಖ್ಯ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಮ್ಯಾಟ್‌ನ ದಪ್ಪ 50 ಮಿಲಿಮೀಟರ್ ಮೀರುವಂತಿಲ್ಲ. ಒಟ್ಟು ಹಾಸು ಕನಿಷ್ಠ 80 ಸೆಂಟಿಮೀಟರ್ ಅಗಲ, 200 ಸೆಂಟಿಮೀಟರ್ ಉದ್ದ ಇರಬೇಕು. ಒಕ್ಕೂಟದ ಸ್ಪರ್ಧೆಗಳಲ್ಲಿ ಸಂಘಟಕರು ಕೊಟ್ಟದ್ದನ್ನೇ ಬಳಸಬೇಕು, ಸ್ವಂತದ್ದು ನಡೆಯದು. ಹಾಗಾಗಿ ಅಭ್ಯಾಸಕ್ಕೂ ಅದನ್ನೇ ಹೋಲುವ ಗಟ್ಟಿ ಮ್ಯಾಟ್ ಕೊಳ್ಳುವುದು ಜಾಣತನ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಮಂಡಿಯೂರಿ, ಮಲಗಿ, ನಿಂತು ಗುಂಡು ಹಾರಿಸಬೇಕು. ಮೊದಲೆರಡು ಭಂಗಿಗಳಲ್ಲಿ ದೇಹಕ್ಕೂ ನೆಲಕ್ಕೂ ನಡುವೆ ಇರುವುದು ಈ ಮ್ಯಾಟೇ.