‘ಟೋಬಾ ಟೇಕ್ ಸಿಂಗ್’ ಕಥೆಯ ಅಂತ್ಯವಿಚಾರ

ಉರ್ದು ಕಥೆಗಾರರಾದ ಸಾದತ್ ಹಸನ್ ಮಂಟೋರವರ (೧೯೧೨-೧೯೫೫) ‘ಟೋಬಾ ಟೇಕ್ ಸಿಂಗ್’ ಎಂಬ ಸಣ್ಣ ಕಥೆಯು ಭಾರತದ ವಿಭಜನೆಯನ್ನು ಕುರಿತ ಸಾಹಿತ್ಯದಲ್ಲಿ ಸುಪ್ರಸಿದ್ಧವಾದುದು. ವಿಭಜನೆಯಾದ ಎರಡು ಮೂರು ವರ್ಷಗಳ ತರುವಾಯ ಉಭಯ ಸರ್ಕಾರಗಳೂ ಹುಚ್ಚಾಸ್ಪತ್ರೆಗಳಲ್ಲಿದ್ದವರನ್ನು ಮತಾನುಸಾರವಾಗಿ ಬದಲಾಯಿಸಿಕೊಳ್ಳಲು ನಿಶ್ಚಯಿಸುತ್ತವೆ. ಲಾಹೋರಿನ ಆಸ್ಪತ್ರೆಯಲ್ಲಿ ಹದಿನೈದು ವರ್ಷ ನಿಂತೇ ಕಳೆದ ಬಿಶನ್ ಸಿಂಗನು ವಾಘಾ ಗಡಿಯಲ್ಲಿ, ಎರಡು ದೇಶಗಳ ನಡುವಣ ನೆಲದಲ್ಲಿ ಕುಸಿದು ಬೀಳುತ್ತಾನೆ. ಆತನು ಎರಡು ರಾಷ್ಟ್ರಗಳನ್ನೂ ನಿರಾಕರಿಸಿದನೆಂದು ಈ ಅಂತ್ಯಕ್ಕೆ ಅರ್ಥ ಹೇಳುವುದುಂಟು. ಈ ಅರ್ಥವು ಸಾಧುವೆಂದು ನಮಗೆ ತೋರುವುದಿಲ್ಲ.

ಎರಡನ್ನೂ ನಿರಾಕರಿಸುವ ಹುಚ್ಚನು ಕಥೆಯಲ್ಲಿ ಬೇರೊಬ್ಬನಿದ್ದಾನೆ. ಅವನು ಮರವನ್ನೇರಿ, ತನಗೆ ಯಾವ ದೇಶವೂ ಬೇಡ, ಮರದ ಮೇಲೆಯೇ ವಾಸಿಸುವೆನೆನ್ನುತ್ತಾನೆ. ಬಿಶನ್ ಸಿಂಗನಾದರೋ ಕೇಳುವುದು ತನ್ನ ಊರನ್ನು. ಟೋಬಾ ಟೇಕ್ ಸಿಂಗ್ ಪಾಕಿಸ್ತಾನದಲ್ಲಿದೆಯೆಂದು ಅಧಿಕಾರಿಯು ಹೇಳಿದೊಡನೆ ಆತನು ಹಿಂದಿರುಗಿ ಓಡುತ್ತಾನೆ. ಇದು ನಿರಾಕರಣೆಯಲ್ಲ, ಊರಿನ ಹಂಬಲ. ಕಡೆಯಲ್ಲಿ ಲೇಖಕರು ಊರಿನ ಹೆಸರನ್ನೇ ಆತನಿಗೆ ಇಟ್ಟಿರುವುದೂ ಇದನ್ನೇ ಸಮರ್ಥಿಸುತ್ತದೆ.

ಆತನ ಪ್ರಶ್ನೆಯು ಬರಿಯ ಪ್ರಲಾಪವೂ ಅಲ್ಲ. ರ‍್ಯಾಡ್‌ಕ್ಲಿಫ್ ಎಂಬ ಆಂಗ್ಲ ನ್ಯಾಯವಾದಿಯು ೧೯೪೭ರ ಜುಲೈ ೮ರಂದು ಭಾರತಕ್ಕೆ ಬಂದು ಐದಾರು ವಾರಗಳಲ್ಲಿ ಗಡಿಯನ್ನು ಗೆರೆಯೆಳೆದನು. ಅದು ಪ್ರಕಟವಾದದ್ದು ಆಗಸ್ಟ್ ೧೭ರಂದು, ಎಂದರೆ ಸ್ವಾತಂತ್ರ್ಯವು ಬಂದಮೇಲೆ. ಆ ನಡುವಣ ದಿನಗಳಲ್ಲಿ ಗಡಿನಾಡಿನ ಎಷ್ಟೋ ಮಂದಿಗೆ ತಮ್ಮ ಊರು ಯಾವ ದೇಶಕ್ಕೆ ಸೇರಿತೆಂಬುದೇ ತಿಳಿದಿರಲಿಲ್ಲ. ಊರಿನಿಂದ ಬಂದ ಸ್ನೇಹಿತ ಫಜಲ್‌ದೀನನೂ ಇದಕ್ಕೆ ಉತ್ತರಿಸಲಾರದೆ ತಡವರಿಸುತ್ತಾನೆ. ಹುಚ್ಚನು ಕೇಳಿದುದು ಲಕ್ಷಾಂತರ ಜನರು ಕೇಳಿದ ಪ್ರಶ್ನೆ.

ಕಲಹದ ಬೇರೂ ಇಲ್ಲಿಯೇ ಕಾಣುತ್ತದೆ. ಗಡಿಯನ್ನು ಗೊತ್ತುಮಾಡಿದವರು ಪ್ರಧಾನವಾಗಿ ಮತದ ಬಹುಸಂಖ್ಯೆಯನ್ನು ಎಣಿಸಿದರು. ಜನರು ತಮ್ಮನ್ನು ಊರಿನಿಂದಲೂ ಗುರುತಿಸಿಕೊಳ್ಳುತ್ತಿದ್ದರು. ಆ ಎಣಿಕೆಯು ನೆರೆಯವನನ್ನು ಪರದೇಶಿಯನ್ನಾಗಿಸಿತು. ಒಂದು ಕೋಟಿಗೂ ಮಿಕ್ಕ ಜನರು ನೆಲೆ ತಪ್ಪಿದರು.

ಕಥೆಯಲ್ಲಿ ಒಂದು ಕೊರತೆಯುಂಟೆಂದು ಹೇಳಬಹುದು. ಬಿಶನ್ ಸಿಂಗನ ಮಗಳ ಗತಿಯು ಫಜಲ್‌ದೀನನ ಅರ್ಧೋಕ್ತಿಯಲ್ಲೇ ನಿಂತುಹೋಗುತ್ತದೆ. ಸ್ತ್ರೀಯರ ಸಂಕಟವನ್ನು ಅರಿಯಬಯಸುವ ವಾಚಕರು ಬೇರೆ ಗ್ರಂಥಗಳನ್ನು ನೋಡಬೇಕು. ಆದರೂ ಆ ಮೌನವು ಅನುಚಿತವೆನ್ನಲಾಗದು. ಸ್ನೇಹಿತನು ನುಡಿಯಲಾರದುದನ್ನು ಲೇಖಕರೂ ನುಡಿಯಲಿಲ್ಲ.

ಟೋಬಾ ಟೇಕ್ ಸಿಂಗ್ ೧೯೮೨ರಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಒಂದು ಜಿಲ್ಲೆಯಾಯಿತು. ಸಿಖ್ಖರು ತೆರಳಿದರು, ಸಿಖ್ಖನೊಬ್ಬನ ಹೆಸರು ಊರಿಗೆ ಉಳಿಯಿತು.