ಮಂಜುಳೆಯ ‘ನಾನು’ ಯಾರದು?

ಮಂಚಿಕೇರಿಯಲ್ಲಿ ಯಕ್ಷಗಾನದ ಸ್ತ್ರೀವೇಷಗಳನ್ನು ನೋಡುತ್ತ ಬೆಳೆದವಳು ನಾನು. ಗಂಡಸು ಹೆಣ್ಣಾಗಿ ಮಾತಾಡಿದರೆ ನನಗೆ ಅಚ್ಚರಿಯಿಲ್ಲ. ಆದರೂ ಪಿಎಚ್‌ಡಿ ಓದಿಗಾಗಿ ಶಿವರಾಮ ಕಾರಂತರ ‘ಮೈಮನಗಳ ಸುಳಿಯಲ್ಲಿ’ (1970) ಮತ್ತೆ ಕೈಗೆತ್ತಿಕೊಂಡಾಗ, ಬಸರೂರಿನ ವೇಶ್ಯೆ ಮಂಜುಳೆ ಹೇಳುವ ‘ನಾನು’ ಯಾರದು ಎಂಬ ಪ್ರಶ್ನೆ ಕಾಡಿತು.

ಆರ್ಥರ್ ಗೋಲ್ಡನ್ ಬರೆದ ‘ಮೆಮೊಯರ್ಸ್ ಆಫ್ ಎ ಗೇಶಾ’ (1997) ಕೂಡ ಗಂಡಸು ಕಟ್ಟಿದ ಹೆಣ್ಣಿನ ಆತ್ಮಕಥನವೇ. ಅದರಲ್ಲಿ ಕನ್ಯತ್ವದ ಹರಾಜು ಕಥೆಯ ದೊಡ್ಡ ತಿರುವು. ಲೇಖಕರಿಗೆ ನೆರವಾಗಿದ್ದ ಕ್ಯೋಟೋದ ಗೇಶಾ ಮಿನೆಕೊ ಇವಾಸಾಕಿ, ತಮ್ಮ ಬದುಕಿನಲ್ಲಿ ಹಾಗೆ ನಡೆದೇ ಇಲ್ಲ ಎಂದರು; ಹೆಸರು ಗುಟ್ಟಾಗಿಡುವ ಮಾತು ಮುರಿದಿದ್ದಾರೆಂದು 2001ರಲ್ಲಿ ಮೊಕದ್ದಮೆ ಹೂಡಿದರು. ಮರುವರ್ಷ ಅವರದೇ ಆತ್ಮಕಥೆ ಬಂತು.

ಕಾರಂತರಿಗೆ ಅಂಥ ರೋಚಕತೆಯ ಹಂಗಿಲ್ಲ. ಮಂಜುಳೆಗೆ ತನ್ನ ಹಾಡು-ಕುಣಿತದ ಹೆಮ್ಮೆಯಿದೆ. ಮನೆಗೆ ಬಂದ ಗಂಡಸರನ್ನು ಅವಳೇ ತೂಗಿ ನೋಡುತ್ತಾಳೆ. ಕಾದಂಬರಿಯ ಗೆಲುವು ಇದು. ಆದರೆ ಅವಳು ಬದುಕಿನ ಬಗ್ಗೆ ವಿಚಾರ ಮಾಡತೊಡಗಿದಾಗ ಎಷ್ಟೋ ಕಡೆ ನನಗೆ ಕೇಳಿಸುವುದು ಕಾರಂತರದೇ ದನಿ.

ಮಿನೆಕೊ ಎದ್ದು ನಿಂತು ಉತ್ತರಿಸಿದರು. ಮಂಜುಳೆ ಕಾದಂಬರಿಯೊಳಗಿನವಳು, ಅವಳ ಪರವಾಗಿ ತಕರಾರು ತೆಗೆಯಬೇಕಾದವರು ಓದುಗರಾದ ನಾವೇ. ವೇಷವನ್ನು ಮೆಚ್ಚೋಣ, ಅದು ವೇಷವೆಂಬುದು ನೆನಪಿರಲಿ.