ಹೊಸೂರಿನ ಮಗುವಿಗೆ ಇಂಗ್ಲಿಷ್ ಎಷ್ಟನೇ ಭಾಷೆ? ಸಂಕೀರ್ಣ ಪದಗಳ ಓದಿನ ಸಂಶೋಧನೆಗೆ ಒಂದು ವಿಮರ್ಶೆ

ಇವತ್ತು ನಾನು ಚರ್ಚೆಗೆ ಎತ್ತಿಕೊಂಡಿರೋದು ರೆನಿಟಾ ಸಿಲ್ವಾ ಮತ್ತು ಹರಾಲ್ಡ್ ಕ್ಲಾಸೆನ್ 2008ರಲ್ಲಿ ಪ್ರಕಟಿಸಿದ ಪ್ರಬಂಧ. ಪ್ರಶ್ನೆ ಸರಳ. ‘ಡಾರ್ಕ್‌ನೆಸ್’ ತರದ ಪದ ಓದುವಾಗ ನಾವು ಅದನ್ನು ‘ಡಾರ್ಕ್’, ‘ನೆಸ್’ ಅಂತ ಬಿಡಿಸ್ತೀವಾ, ಇಲ್ಲ ಇಡಿಯಾಗಿ ನೆನಪಿನಿಂದ ತೆಗೀತೀವಾ?

ಮೊದಲು ವಿಧಾನ ನೋಡೋಣ. ಪರದೆಯ ಮೇಲೆ ಒಂದು ಪದ ಸುಮಾರು 50 ಮಿಲಿಸೆಕೆಂಡು ಮಿಂಚಿ ಹೋಗುತ್ತೆ. ನೋಡಿದ ಅರಿವೂ ಓದುಗರಿಗೆ ಇರೋದಿಲ್ಲ. ಮರುಕ್ಷಣ ಬರುವ ಅಕ್ಷರಮಾಲೆ ನಿಜವಾದ ಪದವೋ ಅಲ್ಲವೋ ಅಂತ ಬಟನ್ ಒತ್ತಬೇಕು. ಮಿಂಚಿದ ಪದದಲ್ಲಿ ಎರಡನೆಯ ಪದ ಅಡಗಿದ್ದರೆ ಉತ್ತರ ಬೇಗ ಬರಬಹುದು. ಇಂಗ್ಲಿಷ್ ಮಾತೃಭಾಷೆಯವರಲ್ಲಿ ‘ಕಾರ್ನರ್’ ಕೂಡ ‘ಕಾರ್ನ್’ ಪದವನ್ನು ಚುರುಕುಗೊಳಿಸುತ್ತದೆ ಎಂದು ಕ್ಯಾಥಿ ರ‍್ಯಾಸಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಅರ್ಥದಲ್ಲಿ ಸಂಬಂಧವೇ ಇಲ್ಲ. ಕೊನೆಯ ‘ಇ-ಆರ್’ ಪ್ರತ್ಯಯದ ಹಾಗೆ ಕಂಡರೆ ಸಾಕು, ಕಣ್ಣು ಕತ್ತರಿ ಹಾಕುತ್ತೆ.

ಸಿಲ್ವಾ–ಕ್ಲಾಸೆನ್ ಇದೇ ವಿಧಾನವನ್ನು ಜರ್ಮನ್, ಚೀನೀ, ಜಪಾನೀ ಭಾಷಿಕರ ಮೇಲೆ ಬಳಸಿದರು. ಭೂತಕಾಲದ ‘ಇ-ಡಿ’ಯಲ್ಲಿ ಎರಡನೇ ಭಾಷೆಯ ಓದುಗರಿಗೆ ಲಾಭವಾಗಲಿಲ್ಲ, ‘ನೆಸ್’, ‘ಇಟಿ’ಗಳಲ್ಲಿ ಕಡಿಮೆ ಲಾಭವಾಯಿತು. ಹಾಗಾಗಿ ಇವರು ಪದ ಬಿಡಿಸೋದಕ್ಕಿಂತ ನೆನಪನ್ನೇ ಹೆಚ್ಚು ನೆಚ್ಚುತ್ತಾರೆ ಎಂಬುದು ತೀರ್ಮಾನ. ‘ಅವರ ಓದು ನಿಧಾನ, ಅಷ್ಟೇ’ ಅಂತ ತಳ್ಳಿಹಾಕೋದು ನ್ಯಾಯವಲ್ಲ. ಅದೇ ಪದ ಮೊದಲು ಮಿಂಚಿದಾಗ ಅವರಿಗೂ ಲಾಭವಾಗಿತ್ತು. ಆದರೆ 2011ರಲ್ಲಿ ಡೀಪೆಂಡಾಲೆ ಮತ್ತು ಸಂಗಡಿಗರು ಸ್ಪ್ಯಾನಿಷ್, ಡಚ್ ಭಾಷಿಕರನ್ನು ಪರೀಕ್ಷಿಸಿದಾಗ, ಸಾಧಿತ ಪದಗಳಲ್ಲಿ ಮಾತೃಭಾಷಿಕರದೇ ಮಾದರಿ ಕಂಡಿತು. ಅಂದರೆ ವಿವಾದ ಮುಗಿದಿಲ್ಲ.

ನನ್ನ ತಕರಾರು ‘ಎರಡನೇ ಭಾಷೆಯ ಓದುಗ’ ಅನ್ನೋ ಹಣೆಪಟ್ಟಿಯ ಬಗ್ಗೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮನೆಯ ಮಗುವನ್ನು ತಗೊಳ್ಳಿ. ಮನೇಲಿ ಕನ್ನಡ, ಬೀದೀಲಿ ತೆಲುಗು, ಶಾಲೇಲಿ ತಮಿಳು. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ತಮಿಳು ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ಇಂಗ್ಲಿಷ್ ಇಲ್ಲಿ ಮೂರನೆಯದೋ ನಾಲ್ಕನೆಯದೋ.

ಈ ಮಗು ಇಂಗ್ಲಿಷಿಗೆ ಬರಿಗೈಲಿ ಬರೋದಿಲ್ಲ. ಕನ್ನಡದಲ್ಲಿ ಜಾಣತನ, ತೆಲುಗಿನಲ್ಲಿ ಮಂಚಿತನಂ, ತಮಿಳಿನಲ್ಲಿ ಕುಳಂದೈತ್ತನಂ: ‘ನೆಸ್’ ಮಾಡುವ ಕೆಲಸವನ್ನೇ ಮಾಡುವ ‘ತನ’ ಅದಕ್ಕೆ ಮೂರು ಭಾಷೆಯಲ್ಲಿ ಪರಿಚಿತ. ಇನ್ನು ಕಾಲು, ಕಾಲಿಗೆ ನೋಡಿ. ‘ಉ’ ಬಿದ್ದುಹೋಗಿ, ‘ಲಿ’ ಅನ್ನೋ ಒಂದೇ ಅಕ್ಷರದಲ್ಲಿ ಪ್ರಕೃತಿಯ ವ್ಯಂಜನವೂ ಪ್ರತ್ಯಯದ ಸ್ವರವೂ ಕೂತಿವೆ. ಹೊಲಿಗೆ ಅಕ್ಷರದ ಒಳಗೇ ಇದೆ. ಇದನ್ನು ದಿನವೂ ಓದೋ ಕಣ್ಣಿಗೆ ‘ಹ್ಯಾಪಿ’ಯ ‘ವೈ’ ‘ಹ್ಯಾಪಿನೆಸ್‌’ನಲ್ಲಿ ‘ಐ’ ಆಗೋದು ಅಷ್ಟು ದೊಡ್ಡ ಅಚ್ಚರಿಯಾಗಬೇಕಿಲ್ಲ.

ಜರ್ಮನ್, ಚೀನೀ ಭಾಷಿಕರ ಫಲಿತಾಂಶ ಒಂದೇ ರೀತಿ ಬಂದಿದ್ದರಿಂದ ಮೊದಲ ಭಾಷೆಯ ಪಾತ್ರ ಮುಖ್ಯವಲ್ಲ ಎಂಬುದು ಲೇಖಕರ ವಾದ. ಒಪ್ಪಬಹುದಾದ ವಾದವೇ. ಆದರೆ ಅಲ್ಲಿದ್ದವರು ತರಗತಿಯಲ್ಲಿ ಇಂಗ್ಲಿಷ್ ಕಲಿತ ವಯಸ್ಕರು. ಅಂಟುಭಾಷೆಗಳ ನಡುವೆ, ಎರಡು ಮೂರು ಲಿಪಿಗಳಲ್ಲಿ ಒಟ್ಟೊಟ್ಟಿಗೆ ಓದು ಕಲಿಯುವ ಮಗುವಿಗೂ ಅದೇ ಮಾತು ಅನ್ವಯಿಸುತ್ತದೆ ಅನ್ನೋಕೆ ಈ ಪ್ರಯೋಗ ಆಧಾರ ಕೊಡೋದಿಲ್ಲ. ನನ್ನದೂ ಸದ್ಯಕ್ಕೆ ಊಹೆಯೇ. ಪರೀಕ್ಷಿಸಬೇಕಾದರೆ ‘ನೆಸ್’ ಪದಗಳನ್ನೂ ‘ಇ-ಡಿ’ ಪದಗಳನ್ನೂ ಬೇರೆಬೇರೆ ಅಳೆಯಬೇಕು. ಮಗುವಿನ ಕನ್ನಡ, ತಮಿಳು ಓದಿನ ಮಟ್ಟವನ್ನೂ ಜೊತೆಗೆ ಅಳೆಯಬೇಕು.

‘ಮಿಲಿಸೆಕೆಂಡಿನ ಜಗಳದಿಂದ ಮೇಷ್ಟ್ರಿಗೆ ಏನು ಪ್ರಯೋಜನ?’ ಅಂತ ಚರ್ಚೆಯಲ್ಲಿ ಒಬ್ಬರು ಕೇಳಿದರು. ಪ್ರಯೋಜನ ಇದೆ. ನಾನು ಓದಿದ ಶಾಲೇಲಿ ‘ಹ್ಯಾಪಿನೆಸ್’ ಅಂದ್ರೆ ಒಂಬತ್ತು ಅಕ್ಷರದ ಬಾಯಿಪಾಠ. ‘ಸ್ಯಾಡ್‌ನೆಸ್’ ಬಂದಾಗ ಮತ್ತೆ ಮೊದಲಿಂದ. ಅದೇ ಹೊತ್ತಿಗೆ ಪಕ್ಕದ ಪಿರಿಯಡ್ಡಿನಲ್ಲಿ ಕನ್ನಡ ಮೇಷ್ಟ್ರು ತದ್ಧಿತಾಂತ ಪಾಠ ಮಾಡ್ತಿದ್ರು. ಎರಡೂ ಒಂದೇ ವಿದ್ಯೆ ಅಂತ ನಮಗೆ ಯಾರೂ ಹೇಳಲಿಲ್ಲ. ‘ಎರಡನೇ ಭಾಷೆಯವರು ಪದ ಬಿಡಿಸೋದಿಲ್ಲ’ ಅನ್ನೋ ತೀರ್ಮಾನ ಪಠ್ಯಪುಸ್ತಕಕ್ಕೆ ಇಳಿದರೆ, ಆ ಬಾಯಿಪಾಠಕ್ಕೆ ವಿಜ್ಞಾನದ ಮುದ್ರೆ ಬೀಳುತ್ತೆ. ಮಕ್ಕಳು ಬಿಡಿಸೋದಿಲ್ಲ ಅನ್ನೋದಕ್ಕೆ ಮುಂಚೆ, ನಾವು ಅವರಿಗೆ ಬಿಡಿಸಿ ತೋರಿಸಿದ್ದೀವಾ ಅಂತ ಕೇಳಿಕೊಳ್ಳಬೇಕು.